ಮೊದಲು ತಿಪ್ಪೆ ಯಾರದೆಂದು ಕೇಳು

ಕನಕಪುರದ ಜಯಕುಮಾರನ ಎಡಗೈಯಲ್ಲಿ ಇರುವುದು ಮೂರೂವರೆ ಬೆರಳು. ಕಿರುಬೆರಳು ಬುಡಸಮೇತ ಇಲ್ಲ, ಅದರ ಪಕ್ಕದ್ದು ಅರ್ಧ. ಹಾಗಾಗಿ ಜಮೀನು ಬ್ರೋಕರುಗಳ ನಡುವೆ ಅವನ ಹೆಸರೇ ಮೂರೂವರೆ ಜಯಣ್ಣ. ಹೇಗಾಯಿತು ಎಂದು ಕೇಳಿದವರಿಗೆಲ್ಲ ಇಪ್ಪತ್ತು ವರ್ಷದಿಂದ ಒಂದೇ ಉತ್ತರ, ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿತು ಅಂತ. ಸೊಟ್ಟ ಮೂಗಿನ ಕಥೆ, ತಲೆಯ ಮೇಲಿನ ಹೊಲಿಗೆಯ ಕಥೆ ಮಾತ್ರ ಕೇಳದಿದ್ದವರಿಗೂ ಕೂರಿಸಿಕೊಂಡು ಹೇಳುತ್ತಿದ್ದ.

ಹೊಸದಾಗಿ ದಂಧೆಗೆ ಇಳಿದವರಿಗೆ ಅವನೇ ಮೇಷ್ಟ್ರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಟೀ ಅಂಗಡಿಯ ಬೆಂಚೇ ಪಾಠಶಾಲೆ. ಹೋದ ವರ್ಷ ಆ ಬೆಂಚಿಗೆ ಭಾನುಪ್ರಿಯ ಬಂದಳು. ರಾಮನಗರದಲ್ಲಿ ಹನ್ನೆರಡು ವರ್ಷ ರೇಷ್ಮೆ ನೂಲು ತೆಗೆದವಳು. ಬಿಸಿನೀರಲ್ಲಿ ಬೆಂದು ಬೆಂದು ಬೆರಳ ತುದಿಗಳು ಬೆಳ್ಳಗಾಗಿದ್ದವು. ಇನ್ನು ಆ ಕೆಲಸ ಸಾಕು ಅಂತ ಸ್ಕೂಟರ್ ಕಲಿತು, ಒಂದು ನೋಟ್‌ಬುಕ್ ಹಿಡಿದು ಬಂದಿದ್ದಳು.

"ಬರ್ಕೊಳವ್ವ," ಎಂದ ಜಯಕುಮಾರ. "ಜಮೀನು ನೋಡಕ್ಕೆ ಹೋದಾಗ ಗಾಡಿ ಮುಖ ರಸ್ತೆ ಕಡೀಕಿರ್ಬೇಕು, ಕೀ ಗಾಡೀಲೇ ಇರ್ಬೇಕು. ಗಾಡಿ ತಿರುಗಿಸ್ಕೊಳೋ ಹೊತ್ತಲ್ಲೇ ನನ್ ಮೂಗು ಮುರ್ದಾಕುಬುಟ್ರು."

"ಆಮೇಲೆ?"

"ಅಣ್ತಮ್ಮಂದ್ರು ಹೊಲದ ಬದಿನ ಮ್ಯಾಲೆ ನಿಂತು ಕೂಗಾಡ್ತಾ ಇದ್ರೆ ಮಧ್ಯಕ್ಕೆ ಹೋಗ್ಬ್ಯಾಡ. ಅಣ್ಣನ್ಗೆ ಬೀಸಿದ್ ಗುದ್ಲಿ ನನ್ ತಲೆಗೆ ಬಿತ್ತು, ಹದ್ನಾಲ್ಕು ಹೊಲಿಗೆ."

ಭಾನುಪ್ರಿಯ ನಗುತ್ತ ಬರೆದುಕೊಂಡಳು.

"ಪಹಣಿ ಆಮೇಲೆ ನೋಡು. ಮೊದ್ಲು ತಿಪ್ಪೆ ಯಾರ್ದು ಅಂತ ಕೇಳು. ಹೊಲದಲ್ಲಿ ಗೊಬ್ರ ಸುರಿಯೋರು ಯಾರೋ, ಜಮೀನು ತಮ್ದು ಅಂತ ನಂಬಿರೋರು ಅವ್ರೇ. ಅವ್ರು ಒಪ್ಪೋಗಂಟ ಟೋಕನ್ ಅಡ್ವಾನ್ಸ್ ಕೊಡ್ಬ್ಯಾಡ. ಕಡೇದು ಒಂದೈತೆ. ಹೊಡ್ದಾಟ ಆಯ್ತಾ, ನಾವು ಏನೂ ನೋಡ್ನಿಲ್ಲ. ಬ್ರೋಕರಿಗೆ ಕಣ್ಣಿರಕೂಡ್ದು."

ಇದಕ್ಕೆ ಅವಳು ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ. "ಅದ್ಯಾಕಣ್ಣ?" ಎಂದಳು.

"ಕೋರ್ಟು ಸುತ್ತೋನ್ಗೆ ಯಾವನವ್ವ ಜಮೀನು ಕೊಡ್ತಾನೆ?" ಎಂದು ಅವನು ಟೀ ಲೋಟ ಕೆಳಗಿಟ್ಟು ಎದ್ದುಬಿಟ್ಟ.

ಅವಳ ಮೊದಲ ವ್ಯಾಪಾರ ಬೈರಮಂಗಲದ ಕಡೆ, ನಂಜುಂಡಯ್ಯ ಎಂಬವನ ಒಂದೂವರೆ ಎಕರೆ. ಪಹಣಿ ಅವನ ಹೆಸರಲ್ಲೇ ಇತ್ತು, ವಂಶವೃಕ್ಷವೂ ಚೊಕ್ಕವಾಗಿತ್ತು. ನಮ್ಮ ಕಡೆಯ ವಂಶವೃಕ್ಷಗಳು ಚೊಕ್ಕವಾಗಿರುವುದೇ ಹಾಗೆ, ಹೆಣ್ಣುಮಕ್ಕಳ ಕೊಂಬೆಯನ್ನೇ ಕಡಿದುಬಿಟ್ಟಿರುತ್ತಾರೆ. ಮೊದಲ ಗಿರಾಕಿ ಕೈತಪ್ಪೀತು ಎಂಬ ಆತುರಕ್ಕೆ ಭಾನುಪ್ರಿಯ ಹೊಲಕ್ಕೆ ಕಾಲಿಡುವ ಮೊದಲೇ ನಂಜುಂಡಯ್ಯನಿಗೆ ಟೋಕನ್ ಕೊಟ್ಟು ಬಂದಿದ್ದಳು. ಜಯಕುಮಾರ ದಾರಿಯುದ್ದಕ್ಕೂ ಬೈದ. ಬೈದರೂ ಜೊತೆಗೆ ಹೋದ.

ಹೊಲದ ಮೂಲೆಯಲ್ಲಿ ತಿಪ್ಪೆಯಿತ್ತು. ಬೆಳಗ್ಗೆ ಹಾಕಿದ ಹಸಿ ಸಗಣಿ ಇನ್ನೂ ಆರಿರಲಿಲ್ಲ. ಅದರ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಐವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದಳು.

"ತಿಪ್ಪೆ ಯಾರ್ದು ನಂಜುಂಡಣ್ಣ?" ಜಯಕುಮಾರ ಕೇಳಿದ.

"ನಮ್ ತಂಗಿ, ದೊಡ್ಡಲಕ್ಷ್ಮಿ. ಇದೇ ಊರಿಗೆ ಕೊಟ್ಟಿರೋದು. ಸುಮ್ನೆ ಗೊಬ್ರ ಹಾಕವ್ಳೆ."

"ಸುಮ್ನೆ ಯಾಕ್ಲಾ ಹಾಕ್ಲಿ?" ದೊಡ್ಡಲಕ್ಷ್ಮಮ್ಮ ಕೂತಲ್ಲಿಂದಲೇ ಅಣ್ಣನಿಗೆ ಅಂದಳು. "ಅಪ್ಪ ನನ್ ಮದ್ವೇಲಿ ಅರಿಶಿನ ಕುಂಕುಮಕ್ಕೆ ಅಂತ ಎಲ್ರ ಮುಂದೆ ಬಾಯ್ಬುಟ್ಟು ಕೊಟ್ಟ ಜಮೀನು. ಮೂವತ್ತು ವರ್ಷದಿಂದ ಗೊಬ್ರದ ಮಂಕ್ರಿ ಹೊತ್ತಿವ್ನಿ. ನನ್ನ ಕೇಳ್ದೆ ಅದ್ಯಾರು ಕೊಂಡ್ಕೊಂಡಾರು ನೋಡ್ತೀನಿ."

ಜಯಕುಮಾರ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಇದನ್ನು ಅವನು ಒಮ್ಮೆ ನೋಡಿದ್ದ. ಇಪ್ಪತ್ತು ವರ್ಷದ ಹಿಂದೆ, ದೊಡ್ಡಆಲಹಳ್ಳಿಯಲ್ಲಿ ಸಿದ್ದಮ್ಮ ಎಂಬವಳು ಹೀಗೇ ತನ್ನ ತಿಪ್ಪೆಯ ಮೇಲೆ ಕೂತಿದ್ದಳು. ಅವಳ ಅಣ್ಣ ಮಚ್ಚೆತ್ತಿದಾಗ ಜಯಕುಮಾರ ಕೈ ಅಡ್ಡ ಹಿಡಿದ. ಮೊದಲ ಏಟಿಗೆ ಬೆರಳು ಹೋದವು, ಎರಡನೆಯದು ಸಿದ್ದಮ್ಮನ ಕುತ್ತಿಗೆಗೆ ಬಿತ್ತು. ಬಂಡೆಯಿಂದ ಜಾರಿ ಬಿದ್ದು ಸತ್ತಳು ಎಂದರು ಮನೆಯವರು. ತನ್ನ ಬೆರಳು ಮೇವಿನ ಮಷೀನಿಗೆ ಸಿಕ್ಕಿತು ಎಂದ ಜಯಕುಮಾರ. ಮುಂದಿನ ತಿಂಗಳು ಅದೇ ಜಮೀನಿನ ರಿಜಿಸ್ಟ್ರೇಷನ್‌ಗೆ ಸಾಕ್ಷಿ ಸಹಿ ಹಾಕಿ ಕಮಿಷನ್ ಎಣಿಸಿಕೊಂಡವನೂ ಇವನೇ. ಆ ದಿನ ಹೆದರಿದ್ದು ನಿಜ, ಆದರೆ ಬರೀ ಹೆದರಿಕೆಯಿಂದ ಸುಮ್ಮನಾದೆ ಎಂದು ಅವನು ತನಗೆ ತಾನೇ ಕೂಡ ಹೇಳಿಕೊಳ್ಳಲಾರ.

"ಭಾನು, ಗಾಡಿ ಹತ್ತು," ಎಂದು ಕೂಗಿದ.

ಅಷ್ಟರಲ್ಲಿ ನಂಜುಂಡಯ್ಯ ಬೇಲಿಗೆ ಸಿಕ್ಕಿಸಿದ್ದ ಮಚ್ಚು ಕಿತ್ತುಕೊಂಡು ತಂಗಿಯ ಜಡೆಗೆ ಕೈ ಹಾಕಿದ್ದ. ತಿಪ್ಪೆಯಿಂದ ಕೆಳಕ್ಕೆ ಎಳೆದು ಕೆಡವಿ, ಎದೆಯ ಮೇಲೆ ಕಾಲಿಟ್ಟು ಬೀಸಿದ. ಅವಳು ಹೊರಳಿದ್ದಕ್ಕೆ ಏಟು ಹೆಗಲಿಗೆ ಬಿತ್ತು. ಮೂಳೆ ಮುರಿದ ಸದ್ದು ಕೇಳಿಸಿತು. ರಕ್ತ ಚಿಮ್ಮಿ ಸಗಣಿಯ ಮೇಲೆಲ್ಲ ಹಾರಿತು.

ಜಯಕುಮಾರ ಓಡಿದ. ಮುಚ್ಚುಮರೆ ಏಕೆ, ಗಾಡಿಯ ಕಡೆಗೇ ಓಡಿದ. ಗಾಡಿಯ ಮುಖ ರಸ್ತೆಗಿತ್ತು, ಕೀ ಅದರಲ್ಲೇ ಇತ್ತು, ಎಲ್ಲ ಪಾಠದ ಪ್ರಕಾರವೇ. ಸ್ಟಾರ್ಟ್ ಮಾಡಿ ಹಿಂದಿನ ಸೀಟು ತಡವಿದರೆ ಯಾರೂ ಇಲ್ಲ. ಕನ್ನಡಿಯಲ್ಲಿ ನೋಡಿದ. ಭಾನುಪ್ರಿಯ ಹೆಲ್ಮೆಟ್ಟಿನಿಂದ ನಂಜುಂಡಯ್ಯನ ಮುಖಕ್ಕೆ ಚಚ್ಚುತ್ತಿದ್ದಳು. ಅವನು ತಿರುಗಿ ಬೀಸಿದ ಏಟಿಗೆ ಅವಳ ಮೊಣಕೈಯಿಂದ ಕೆಳಕ್ಕೆ ಚರ್ಮ ಸೀಳಿ ನೇತಾಡಿತು. ಆದರೂ ಅವಳು ಹೊಡೆಯುವುದನ್ನು ನಿಲ್ಲಿಸಲಿಲ್ಲ.

ಗಾಡಿಯನ್ನು ಅಲ್ಲೇ ಕೆಡವಿ ಜಯಕುಮಾರ ವಾಪಸ್ ಓಡಿದ. ಮಚ್ಚು ಹಿಡಿದ ಕೈಗೆ ಜೋತುಬಿದ್ದು ಮಣಿಕಟ್ಟಿಗೆ ಹಲ್ಲೂರಿದ. ನಂಜುಂಡಯ್ಯ ಇನ್ನೊಂದು ಕೈಯಿಂದ ಅವನ ಬಾಯಿಗೆ, ಕಿವಿಗೆ ಗುದ್ದಿದ. ಎರಡು ಹಲ್ಲು ಹೋದವು. ಉಳಿದ ಹಲ್ಲಿನ ಹಿಡಿತವನ್ನು ಜಯಕುಮಾರ ಸಡಿಲಿಸಲಿಲ್ಲ. ಕೊನೆಗೆ ಮಚ್ಚು ಕೆಳಗೆ ಬಿತ್ತು. ಅದನ್ನು ಭಾನುಪ್ರಿಯ ಎತ್ತಿ ಪಕ್ಕದ ಬಾವಿಗೆ ಎಸೆದಳು. ಪಕ್ಕದ ಹಿಪ್ಪುನೇರಳೆ ತೋಟದ ಜನ ಓಡಿ ಬಂದಾಗ ಕಂಡದ್ದು ಸಗಣಿಯಲ್ಲಿ ಹೊರಳಾಡುತ್ತಿದ್ದ ನಾಲ್ಕು ಜನ ಮಾತ್ರ.

ಆಸ್ಪತ್ರೆಯಲ್ಲಿ ದೊಡ್ಡಲಕ್ಷ್ಮಮ್ಮನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರು. ಜೀವಕ್ಕೆ ಭಯವಿಲ್ಲ ಎಂದರು. ಹೊರಗೆ ನಂಜುಂಡಯ್ಯನ ಹೆಂಡತಿ ಜಯಕುಮಾರನ ಕಾಲು ಹಿಡಿದುಕೊಂಡಳು.

"ಅಣ್ಣಾ, ಹೋರಿ ಹಾಯ್ತು ಅಂದ್ಬುಡಿ. ಅಣ್ಣ ತಂಗಿ ನಾಳೀಕೆ ಒಂದಾಯ್ತಾರೆ. ನಿಮ್ಗ್ಯಾಕೆ ಕೋರ್ಟು ಕಚೇರಿ?"

ತನ್ನದೇ ಪಾಠವನ್ನು ಬೇರೆಯವರ ಬಾಯಲ್ಲಿ ಕೇಳಿ ಅವನು ಕಾಲು ಬಿಡಿಸಿಕೊಂಡ. ಅಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಬಂದು ಬೆಂಚಿನ ಮೇಲೆ ಕೂತು ಹಾಳೆ ತೆಗೆದರು. ಭಾನುಪ್ರಿಯ ಬ್ಯಾಂಡೇಜಿನ ಕೈಯನ್ನು ಎದೆಗೆ ಅವುಚಿಕೊಂಡೇ ಎದ್ದು ನಿಂತಳು.

"ಹೋರಿ ಅಲ್ಲ ಸಾರ್, ಮಚ್ಚು. ಅವ್ರಣ್ಣನೇ ಹೊಡ್ದಿದ್ದು, ನಾನ್ ನೋಡ್ದೆ. ಮಚ್ಚು ಬಾವೀಲಿ ಐತೆ. ತಂಗೀನ ಕೇಳ್ದೆ ಟೋಕನ್ ಕೊಟ್ಟೋಳು ನಾನೇ, ಅದನ್ನೂ ಬರ್ಕೊಳಿ."

ಸಬ್ ಇನ್ಸ್‌ಪೆಕ್ಟರ್ ಬರೆದುಕೊಂಡು ಜಯಕುಮಾರನ ಕಡೆ ತಿರುಗಿದರು. ಊದಿದ ಬಾಯಿ ನೋಡಿದರು, ಮಡಿಲಲ್ಲಿದ್ದ ಎಡಗೈ ನೋಡಿದರು.

"ನೀವು ನೋಡಿದ್ರಾ?"

"ನೋಡ್ದೆ ಸಾ. ಅವ್ಳು ಹೇಳಿದ್ದೆಲ್ಲ ನಿಜ."

"ಬೆರಳೂ ಇವತ್ತೇ ಹೋಯ್ತಾ?"

"ಇಲ್ಲ ಸಾ, ಅದು ಹಳೇದು."

"ಏನಾಗಿತ್ತು, ಮಷೀನಾ?"

ಇಪ್ಪತ್ತು ವರ್ಷ ಹೇಳಿ ಹೇಳಿ ರೂಢಿಯಾಗಿದ್ದ ಉತ್ತರ ನಾಲಗೆಯ ತುದಿಗೆ ಬಂತು. ಭಾನುಪ್ರಿಯ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಜಯಕುಮಾರ ಬಾಯಲ್ಲಿ ತುಂಬಿದ ರಕ್ತವನ್ನು ನುಂಗಿಕೊಂಡ.

"ಅದೂ ಮಚ್ಚೇ ಸಾ. ದೊಡ್ಡಆಲಹಳ್ಳಿ. ಸಿದ್ದಮ್ಮ ಅಂತ ಒಬ್ರು ಇದ್ರು," ಎಂದ. "ಒಸಿ ದೊಡ್ಡದಾಯ್ತದೆ, ಇನ್ನೊಂದು ಹಾಳೆ ತಗಳಿ."