ಮನೆಯಲ್ಲಿ ಇನ್ನು ಯಾರಿದ್ದಾರೆ

ಹೆರುವವರನ್ನು ಯಾರೂ ಏನೂ ಕೇಳುವುದಿಲ್ಲ. ಕುಡುಕನಿಗೂ ಮಗು ಹುಟ್ಟುತ್ತದೆ, ಕೊಲೆಗಾರನಿಗೂ ಹುಟ್ಟುತ್ತದೆ; ಯಾವ ಅಧಿಕಾರಿಯೂ ಅವರ ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ನೋಡುವುದಿಲ್ಲ. ಆದರೆ ಹೊರದೇಶದ ಮಗುವೊಂದನ್ನು ದತ್ತು ತೆಗೆದುಕೊಳ್ಳುತ್ತೇವೆ ಎಂದು ಬಾಯಿಬಿಟ್ಟು ನೋಡಿ, ಎರಡು ಸರ್ಕಾರಗಳು ಒಟ್ಟಿಗೆ ಬಂದು ನಿಮ್ಮ ಹಜಾರದಲ್ಲಿ ಕೂರುತ್ತವೆ. ಬೀಗದಣ್ಣ ಮೊದಮೊದಲು ಈ ಮಾತು ಹೇಳಿ ತಾನೇ ನಗುತ್ತಿದ್ದ. ಆಮೇಲೆ ನಗುವಂಥದ್ದೇನೂ ಉಳಿಯಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಛತ್ರಿ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ, ಒಂದು ಮೇಜು ಹಿಡಿಯುವಷ್ಟು ಜಾಗದಲ್ಲಿ ಅವನ ಬೀಗ ರಿಪೇರಿ. ಗೋಡೆಯ ಮೊಳೆಗಳಿಗೆ ಕೀಲಿಗಳ ಗೊಂಚಲು, ಉಗುರಿನ ಸಂದಿಯಲ್ಲಿ ಯಾವತ್ತೂ ಹಿತ್ತಾಳೆಯ ಪುಡಿ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು, ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆ ತಮ್ಮನ ತಲೆ ಬಾಚಿದ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತ, ಶಾಲೆಯಲ್ಲಿ ಪೋಷಕರು ಎಂಬ ಕಡೆ ಸಹಿ ಹಾಕಿದ. ನಿನಗೆ ಏನು ಅರ್ಹತೆ ಎಂದು ಆಗ ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಫೇಲಾಗುತ್ತಿದ್ದ.

ತಮ್ಮ ಕಾಲೇಜಿನಲ್ಲಿದ್ದಾಗ ಇಸ್ತ್ರಿ ಬಟ್ಟೆಯ ಮನುಷ್ಯನೊಬ್ಬ ಅಂಗಡಿಗೆ ಬಂದು, ಗೋದಾಮಿನ ಕೀಲಿ ಕಳೆದುಹೋಗಿದೆ ಎಂದ. ಬೀಗದಣ್ಣ ಹೋಗಿ ಬೀಗ ತೆಗೆದುಕೊಟ್ಟ. ಈತ ಮಾಲೀಕನಲ್ಲ ಎಂಬ ಅನುಮಾನ ಅವನಿಗೆ ಬಂದೇ ಇರಲಿಲ್ಲ ಎಂದರೆ ಸುಳ್ಳಾದೀತು. ಬಂದಿತ್ತು, ಕೂಲಿ ಚೆನ್ನಾಗಿದ್ದುದರಿಂದ ಬಂದಷ್ಟೇ ಬೇಗ ಹೋಯಿತು. ಗೋದಾಮಿನ ಸರಕು ಹೊತ್ತೊಯ್ದವನು ಇವತ್ತಿಗೂ ಪತ್ತೆಯಿಲ್ಲ. ಸಿಕ್ಕಿಬಿದ್ದವನೇ ಕಳ್ಳ ಎನ್ನುತ್ತಾರಲ್ಲ, ಹಾಗೆ ಬೀಗದಣ್ಣ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ಅವನಿಗೆಂದು ಗೊತ್ತುಮಾಡಿದ್ದ ಹೆಣ್ಣನ್ನು ಅಷ್ಟರಲ್ಲಿ ಬೇರೆ ಕಡೆ ಕೊಟ್ಟಾಗಿತ್ತು. ಮತ್ತೆ ಅವನು ಮದುವೆಯ ಮಾತೆತ್ತಲಿಲ್ಲ.

ತಮ್ಮ ಮಾತ್ರ ಓದಿದ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದ, ಅಲ್ಲಿನ ನರ್ಸನ್ನೇ ಮದುವೆಯಾದ. ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಮೂವರೂ ಇದ್ದರು. ಅವರಿಗೆ ಮಕ್ಕಳಾಗಲಿಲ್ಲ. ತಮ್ಮನ ಹೆಂಡತಿ ಗುತ್ತಿಗೆಯ ಮೇಲೆ ಹೊರದೇಶದ ಆಸ್ಪತ್ರೆಯೊಂದಕ್ಕೆ ಹೋದಾಗ, ಅವಳ ವಾರ್ಡಿನಲ್ಲಿ ಒಬ್ಬ ತಾಯಿ ಕಣ್ಣುಮುಚ್ಚಿದಳು. ಆ ತಾಯಿಯ ಪುಟ್ಟ ಮಗಳನ್ನು ಪಕ್ಕದ ಅನಾಥಾಲಯಕ್ಕೆ ಸೇರಿಸಿದರು. ಇವಳು ದಿನಾ ಡ್ಯೂಟಿ ಮುಗಿಸಿ ಅಲ್ಲಿಗೆ ಹೋಗಿ ಬರತೊಡಗಿದಳು. ವಾಪಸು ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು.

"ಭಾವ, ಮಗು ಅಂತ ಬಂದ್ರೆ ಈ ಮನೆಗೆ ಅವಳೇ ಬರ್ಬೇಕು."

"ಬರ್ಲಿ ಬಿಡಮ್ಮ," ಎಂದ ಬೀಗದಣ್ಣ. "ಹೋಗಿ ಕರ್ಕೊಂಡು ಬಂದ್ರಾಯ್ತು." ಬಸ್ಸು ಹತ್ತಿ ಹೋಗಿ ಕರೆದುಕೊಂಡು ಬರುವ ಕೆಲಸ ಎಂದೇ ಅವನು ತಿಳಿದಿದ್ದ.

ದತ್ತು ಕಚೇರಿಗೆ ಹೋದ ದಿನ ಅವನೂ ಜೊತೆಗೆ ಹೋದ, ಇದ್ದ ಒಂದೇ ಒಳ್ಳೆಯ ಅಂಗಿ ಹಾಕಿಕೊಂಡು. ಒಳಗೆ ಎರಡೇ ಕುರ್ಚಿ ಇದ್ದುದರಿಂದ ಅವನು ಹೊರಗಿನ ಬೆಂಚಿನ ಮೇಲೆ ಕೂತ. ಬಾಗಿಲು ತೆರೆದೇ ಇತ್ತು. ಆಫೀಸರಮ್ಮ ನಿಧಾನವಾಗಿ, ದಿನಕ್ಕೆ ಹತ್ತು ಜನಕ್ಕೆ ಹೇಳಿದವರ ದನಿಯಲ್ಲಿ ಹೇಳುತ್ತಿದ್ದರು. ಮಗುವಿಗೆ ಅಲ್ಲಿ ಯಾವ ಬಂಧುವೂ ಇಲ್ಲ ಎಂದು ಆ ದೇಶ ಹುಡುಕಿ ಖಚಿತಪಡಿಸಬೇಕು. ನೀವು ಯೋಗ್ಯರು ಎಂದು ಈ ದೇಶ ಬರೆದುಕೊಡಬೇಕು. ಆರೋಗ್ಯ, ಆದಾಯ, ಮದುವೆ ಎಲ್ಲಕ್ಕೂ ಪುರಾವೆ. ಮನೆಗೆ ಬಂದು ನೋಡುತ್ತೇವೆ. ಆಮೇಲೆ ಅಲ್ಲಿನ ಕೋರ್ಟು, ಅದಾದ ಮೇಲೆ ವೀಸಾ. ಬೀಗದಣ್ಣನಿಗೆ ಸಿಟ್ಟು ಬರಲಿಲ್ಲ. ಗುರುತಿಲ್ಲದವರ ಕೈಗೆ ಮಗು ಕೊಡುವಾಗ ಇಷ್ಟೂ ಕೇಳದಿದ್ದರೆ ಹೇಗೆ ಎಂದುಕೊಂಡ.

"ಮನೇಲಿ ಇನ್ನು ಯಾರಿದಾರೆ?" ಎಂದರು ಆಫೀಸರಮ್ಮ. "ವಯಸ್ಸಿಗೆ ಬಂದ ಪ್ರತಿಯೊಬ್ರಿಗೂ ಪೊಲೀಸ್ ಸರ್ಟಿಫಿಕೇಟ್ ಬೇಕು. ಹಳೇ ಕೇಸೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಕೇಸಿದೆ ಅಂತ ಬೇಡ ಅನ್ನಲ್ಲ, ಎಂಥದ್ದು, ಯಾವಾಗಿಂದು ಅಂತ ನೋಡ್ತೀವಿ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಮಾತ್ರ ಅಲ್ಲಿಗೆ ಮುಗೀತು."

ಬೀಗದಣ್ಣ ಬೆಂಚಿನಿಂದ ಎದ್ದೇಬಿಟ್ಟಿದ್ದ. ಕರೆದರೆ ಒಳಗೆ ಹೋಗಿ ತಾನೇ ಹೇಳಬೇಕು ಎಂದು ಅಂಗಿ ಸರಿಮಾಡಿಕೊಂಡ. ಒಳಗೆ ತಮ್ಮ ಗಂಟಲು ಸರಿಮಾಡಿಕೊಂಡ.

"ನಾವಿಬ್ರೇ ಮೇಡಂ."

ಬೀಗದಣ್ಣ ಮತ್ತೆ ಕೂತ. ಮನೆಗೆ ಬಂದು ಊಟಕ್ಕೆ ಕೂತಾಗ ತಮ್ಮ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮಗುವಿಗೆ ಪ್ರತ್ಯೇಕ ಕೋಣೆ ಇದ್ದರೆ ಒಳ್ಳೆಯದಂತೆ ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೀಗದಣ್ಣನಿಗೆ ಅರ್ಥವಾಗದ್ದೇನಲ್ಲ.

"ಅಂಗಡಿ ಹಿಂದೆ ಒಂದು ರೂಮು ಖಾಲಿ ಇದೆ," ಎಂದ.

ತಮ್ಮ ತಟ್ಟೆ ನೋಡುತ್ತಲೇ ಹೇಳಿದ. "ಎರಡು ವರ್ಷ ಅಣ್ಣ, ಅಷ್ಟೇ. ಮಗು ಬಂದ ಮೇಲೂ ಎರಡು ವರ್ಷ ಅವರು ಬಂದು ನೋಡ್ತಾ ಇರ್ತಾರಂತೆ, ಆ ದೇಶಕ್ಕೆ ರಿಪೋರ್ಟ್ ಕಳಿಸ್ತಾರಂತೆ. ಅದು ಮುಗೀಲಿ. ಆಮೇಲೆ ನಿನ್ನ ಮನೆ, ನಿನ್ನ ಮಗು. ದೊಡ್ಡಪ್ಪ ಅಂತ ನಿನ್ನ ಹೆಗಲ ಮೇಲೇ ಬೆಳೆಯತ್ತೆ."

ಆ ಮಾತನ್ನು ಬೀಗದಣ್ಣ ನಂಬಿದ. ನಂಬದೆ ಇನ್ನೇನು ಮಾಡಬೇಕಿತ್ತು? ಹಾಸಿಗೆ ಸುತ್ತಿಕೊಂಡು, ಕಿಟಕಿಯಿಲ್ಲದ ಆ ರೂಮಿಗೆ ಹೋದ. ಯಾಕಣ್ಣ ಮನೆ ಬಿಟ್ಟೆ ಎಂದು ಛತ್ರಿಯವನು ಕೇಳಿದ್ದಕ್ಕೆ, ದಿನಾ ನಡೆಯೋದು ತಪ್ಪಿತು ಎಂದ.

ಆ ದೇಶ ಬಂಧುಗಳನ್ನು ಹುಡುಕಿತು, ಕೋರ್ಟು ಮುಂದೂಡಿತು, ಒಮ್ಮೆ ಡಾಕ್ಟರ ಸರ್ಟಿಫಿಕೇಟಿನ ಅವಧಿ ಮುಗಿದು ಮತ್ತೆ ಮಾಡಿಸಬೇಕಾಯಿತು. ಕೊನೆಗೂ ಮಗು ಬಂತು. ತಮ್ಮನ ಹೆಂಡತಿ ಅಂಗಡಿಗೆ ಬಂದು ಸುದ್ದಿ ಹೇಳಿ, ಹೊಸಬರನ್ನು ಕಂಡರೆ ಮಗು ಅಳುತ್ತದೆ, ಸ್ವಲ್ಪ ದಿನ ಹೋಗಲಿ ಭಾವ ಎಂದಳು. ಆ ಭಾಷೆಯಲ್ಲಿ ದೊಡ್ಡಪ್ಪನಿಗೆ ಏನನ್ನುತ್ತಾರೆ ಎಂದು ಅವನು ಕೇಳಿದ. ಬೇರೆ ಮಾತಿಲ್ಲ, ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರಿಗೂ ಒಂದೇ ಮಾತು ಎಂದು ಅವಳು ಅದನ್ನು ಹೇಳಿಕೊಟ್ಟಳು. ಕೀಲಿ ಉಜ್ಜುತ್ತಾ ಅವನು ಅದನ್ನು ಬಾಯಿಪಾಠ ಮಾಡಿದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹುಡುಗಿ ದಿನಾ ಬರುತ್ತಲೂ ಇದ್ದಳು, ಬಸ್ ನಿಲ್ದಾಣದವರೆಗೆ, ಶಾಲೆಯ ಚೀಲ ಹೊತ್ತು, ತಮ್ಮನ ಬೆರಳು ಹಿಡಿದು. ತಮ್ಮ ಈ ಬೀದಿಯ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಬೀಗದಣ್ಣ ಮೇಜಿನ ಹಿಂದಿನಿಂದಲೇ ಅವಳು ಇಷ್ಟಿಷ್ಟೇ ಉದ್ದವಾಗುವುದನ್ನು ನೋಡಿದ. ಹೋಗಿ ಮಾತಾಡಿಸುವ ಆಸೆಯಾಗುತ್ತಿತ್ತು. ಆದರೂ ಎದ್ದು ಹೋಗಲಿಲ್ಲ. ಹೋದರೆ ಮಗುವಿಗೇ ಕೇಡು.

ಎರಡು ವರ್ಷ ಮುಗಿಯಿತು. ಕೊನೆಯ ರಿಪೋರ್ಟ್ ಹೋಯಿತೆಂದು ಅವನಿಗೆ ಹೇಳಿದ್ದು ತಮ್ಮನಲ್ಲ, ತಮ್ಮನ ಲ್ಯಾಬಿನ ಜವಾನ, ಬೀಗ ರಿಪೇರಿಗೆ ಬಂದವನು. ತಮ್ಮ ಕರೆಯಲು ಬರುತ್ತಾನೆ ಎಂದು ಬೀಗದಣ್ಣ ವಾರಗಟ್ಟಲೆ ಕಾದ. ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ತಾನೇ ಹಾಸಿಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕ್ಷೌರ ಮಾಡಿಸಿಕೊಂಡು ಹೊರಟ. ನಮ್ಮ ಮನೆಗೆ ನಾವು ಹೋಗೋಕೆ ಯಾವನ ಅಪ್ಪಣೆ ಬೇಕು ಎಂದು ಛತ್ರಿಯವನಿಗೆ ಹೇಳಿಯೂ ಹೇಳಿದ.

ಬಾಗಿಲು ತೆಗೆದದ್ದು ಹುಡುಗಿ. ಬೀಗದಣ್ಣ ಬಾಯಿಪಾಠ ಮಾಡಿದ್ದ ಮಾತು ಹೇಳುವ ಮೊದಲೇ ಅವಳು ಅವನ ಮುಖ ನೋಡಿದಳು. ತಿರುಗಿ ಹಜಾರದ ಗೋಡೆಯಲ್ಲಿದ್ದ ಅಣ್ಣತಮ್ಮಂದಿರ ಹಳೆಯ ಫೋಟೋ ನೋಡಿದಳು. ಮತ್ತೆ ಅವನ ಮುಖ.

"ನೀವು ಸತ್ತೋದ ದೊಡ್ಡಪ್ಪ," ಎಂದಳು.

ತಮ್ಮ ಒಳಗಿನಿಂದ ಓಡಿಬಂದ. ಅಣ್ಣನನ್ನು ಮೆಟ್ಟಿಲಿನ ಕಡೆ ತಳ್ಳಿಕೊಂಡೇ ಹೋಗಿ ಪಿಸುಗುಟ್ಟಿದ. "ಮನೆ ನೋಡೋಕೆ ಬಂದಾಗ ಆಫೀಸರಮ್ಮ ಫೋಟೋ ನೋಡಿ ಇದ್ಯಾರು ಅಂದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ, ತೀರ್ಕೊಂಡ್ರು ಅಂದೆ. ಅದೇ ಕೋರ್ಟಿಗೂ ಹೋಯ್ತು. ಮಗುಗೂ ಹಾಗೇ ಹೇಳ್ಬೇಕಾಯ್ತು, ಅವಳನ್ನೂ ಕೇಳ್ತಾರಲ್ಲ. ಈಗ ನೀನು ಬದುಕಿದೀಯ ಅಂದ್ರೆ ನಾವು ಸುಳ್ಳು ಹೇಳಿ ಮಗು ತಂದ್ವಿ ಅಂತಾಗತ್ತೆ ಅಣ್ಣ."

ಬೀಗದಣ್ಣನಿಗೆ ಕೈ ಎತ್ತಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಶಾಲೆಗೆ ಕಳಿಸುವಾಗ ತಲೆ ಬಾಚಲು ದಿನಾ ಹಿಡಿದುಕೊಳ್ಳುತ್ತಿದ್ದ ಕೆನ್ನೆ ಅದು.

"ಸಾಯಿಸೋವಾಗ ನನಗೊಂದು ಮಾತು ಹೇಳ್ಬಾರದಿತ್ತೇನೋ?"

ತಮ್ಮ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಹುಡುಗಿ ಅವನ ಪಕ್ಕದಿಂದ ನುಸುಳಿ ಬಂದು ಬೀಗದಣ್ಣನ ಅಂಗಿಯ ತುದಿ ಹಿಡಿದುಕೊಂಡಳು. ಅವಳಿಗೆ ಹೆದರಿಕೆಯೇ ಇರಲಿಲ್ಲ. ಮುಖ ಅರಳಿತ್ತು.

"ನೀವು ವಾಪಸ್ ಬಂದ್ರಲ್ಲ, ನಮ್ಮಮ್ಮನೂ ಬರ್ತಾಳಾ?"

ಯಾವ ಅಮ್ಮ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಉತ್ತರ ಕೊಡುವ ಕೆಲಸ ಬೀಗದಣ್ಣನ ಪಾಲಿಗೇ ಬಂತು. ನಾನು ಸತ್ತೇ ಇರಲಿಲ್ಲ ಎಂದರೆ ಈ ಮಗು ಇವತ್ತಿನಿಂದ ತನ್ನನ್ನು ಸಾಕಿದವರ ಒಂದು ಮಾತನ್ನೂ ನಂಬುವುದಿಲ್ಲ, ತಾಯಿ ಸತ್ತ ಮಾತನ್ನೂ. ದಿನಾ ಬಾಗಿಲು ಕಾಯುತ್ತದೆ. ಕಾಯುವುದು ಎಂಥದ್ದೆಂದು ಅವನಿಗೆ ಗೊತ್ತಿತ್ತು.

ಅವನು ಅಂಗಿಯ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡ.

"ಇಲ್ಲ ಪುಟ್ಟಿ, ಸತ್ತೋರು ಬರಲ್ಲ. ಆ ಫೋಟೋದಲ್ಲಿರೋರು ಬೇರೆ, ನಾನು ಬೇರೆ. ನಾನು ಬೀಗ ರಿಪೇರಿಯವನು, ಮನೆ ತಪ್ಪಿ ಬಂದೆ."

ಹುಡುಗಿಯ ಮುಖ ಇಳಿಯಿತು. ಬೀಗದಣ್ಣ ಕಂಕುಳಲ್ಲಿದ್ದ ಹಾಸಿಗೆಯ ಸುರುಳಿ ಸರಿಮಾಡಿಕೊಂಡು ಮೆಟ್ಟಿಲಿಳಿದ. ತಮ್ಮ ಬಾಯಿ ತೆರೆದ, ಕೂಗಲಿಲ್ಲ. ಅಣ್ಣ ಎಂದು ಕೂಗಿದರೆ ಮಗುವಿಗೆ ಕೇಳಿಸುತ್ತಿತ್ತು.