ಮೀರಾಸಾಬ ಮಾಸ್ತರರು ಕಂಡ ಹುಡುಗಿ

ಮೀರಾಸಾಬ ಮಾಸ್ತರರು ತೀರಿಕೊಂಡು ಎರಡು ವರ್ಷವಾಯಿತು. ನಿವೃತ್ತರಾದ ಮೇಲೆ ದಿನಾ ಸಂಜೆ ಹೂವಿನ ಹಿಪ್ಪರಗಿಯ ನನ್ನ ಹಿಟ್ಟಿನ ಗಿರಣಿಗೆ ಬಂದು ಕೂಡುತ್ತಿದ್ದರು. ಬೀಸಿಸಲು ಬಂದ ಮಕ್ಕಳನ್ನು ಮಾತಾಡಿಸುವುದೇ ಅವರಿಗೆ ಕೆಲಸ.

"ನಮ್ಮ ಓಣಿ ಹುಡುಗ್ರು ಸಾಲ್ಯಾಗ ಸುಮ್ಮ ಕುಂದರ್ತಾವ್ರಿ ಹೊನ್ನವ್ವಾ. ಮನ್ಯಾಗ ಉರ್ದು, ಅಲ್ಲಿ ಕನ್ನಡ. ದಡ್ಡ ಅಂತ ಹಿಂದ ಕುಂದರಿಸ್ತಾರ" ಎನ್ನುತ್ತಿದ್ದರು.

ಗಾದಿ ಹೊಲಿಯುವ ಗೈಬುಸಾಬನ ಮಗಳು ತಸ್ಲೀಮಾ ಹಾಗೆ ಹಿಂದೆ ಕೂತವಳು, ಐದನೆಯ ತರಗತಿ. ಒಂದು ದಿನ ಕರೆಂಟು ಹೋಗುವ ಹೊತ್ತಾಗಿತ್ತು. ನಾನು ಪಾಳಿಯಂತೆ ಒಮ್ಮೆ ಜೋಳ, ಒಮ್ಮೆ ಗೋಧಿ ಹಾಕುತ್ತಿದ್ದೆ. ಕಾಳು ಬದಲಾದಾಗಲೆಲ್ಲ ಗಿರಣಿ ನಿಲ್ಲಿಸಿ ಕಲ್ಲು ಜಾಡಿಸಬೇಕು, ಹೊತ್ತು ಹೋಗುತ್ತದೆ. ಬೀಸಿಸಲು ಬಂದು ಕೂತಿದ್ದ ಆ ಹುಡುಗಿ ಎದ್ದು ಜೋಳದ ಡಬ್ಬಿಗಳನ್ನೆಲ್ಲ ಮುಂದೆ, ಗೋಧಿಯವನ್ನೆಲ್ಲ ಹಿಂದೆ ಸರಿಸಿಬಿಟ್ಟಳು.

"ಪಾಳಿ ಮುರಿತಿಯೇನ, ಸೊಕ್ಕಿನ ಹುಡುಗಿ!" ಎಂದು ಹೆಂಗಸರು ಎರಗಿದರು.

"ಗೋಧಿ ಅಕ್ಕಾಗೋಳಿಗೆ ಒಂದೀಟ ತಡ ಆಗ್ತೈತ್ರಿ. ಆದ್ರ ಯಾರ ಡಬ್ಬೀನೂ ಉಳಿಯೂದಿಲ್ಲ."

ಉಳಿಯಲಿಲ್ಲ. ಮಾಸ್ತರರು ಅವಳನ್ನೇ ನೋಡುತ್ತಿದ್ದರು. ಮರುದಿನವೇ ಅವಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂಡಿಸಲು ಗೈಬುಸಾಬನನ್ನು ಒಪ್ಪಿಸಿದರು.

ಪರೀಕ್ಷೆಯ ದಿನ ಗೊತ್ತಾದಾಗ ಅವನು ತಲೆ ಹಿಡಿದುಕೊಂಡ. ಅದೇ ದಿನ ತಸ್ಲೀಮಾಳ ಮೊದಲ ರೋಜಾ. ಮಕ್ಕಳ ಮೊದಲ ಉಪವಾಸಕ್ಕೆ ಹೊಸ ಬಟ್ಟೆ ತೊಡಿಸಿ, ಹಾರ ಹಾಕಿ, ಬಳಗವನ್ನು ಕರೆಯುತ್ತಾರೆ. ಇಂಡಿ, ಸಿಂದಗಿಯ ನೆಂಟರಿಗೆ ಹೇಳಿಯಾಗಿತ್ತು. ಮಾಸ್ತರರ ಜೊತೆ ನಾನೂ ಅವನ ಮನೆಗೆ ಹೋದೆ.

"ಮುಂದಿನ ವರ್ಷ ಬರೀತಾಳ್ರಿ ಮಾಸ್ತರ."

"ಆರನೇ ಕ್ಲಾಸಿಗೆ ಒಂದ ಸಲ ತಗೋತಾರೋ ಹುಚ್ಚಪ್ಪಾ. ಮುಂದಿನ ವರ್ಷ ಯಾರ ಕರೀತಾರ?"

"ಹಸದ ಹೊಟ್ಟೀಲೆ ಬಿಸಲಾಗ ಬಿದ್ದಗಿದ್ದಳಂದ್ರ?" ಎಂದು ಒಳಗಿನಿಂದ ತಾಯಿ ಕೇಳಿದಳು.

ತಸ್ಲೀಮಾ ಬಾಗಿಲಿಗೆ ಬಂದಳು. "ರೋಜಾನೂ ಹಿಡಿತೇನಿ, ಪರೀಕ್ಷಾನೂ ಬರೀತೇನಿ ಅಬ್ಬಾ. ಹಾರ ಸಂಜೀಕ ಹಾಕ್ರಿ."

"ಬೀಗರನ್ನ ನಾ ನೋಡ್ಕೋತೇನಿ. ರೋಜಾ ಹಿಡದವರಿಗೆ ಚಾ ಕಾಸೂ ತ್ರಾಸೂ ಇಲ್ಲ" ಎಂದೆ ನಾನು. ಗೈಬುಸಾಬ ನಕ್ಕುಬಿಟ್ಟ.

ಆ ದಿನ ಮಾಸ್ತರರೂ ರೋಜಾ ಇದ್ದೇ ಅವಳನ್ನು ಪರೀಕ್ಷೆಗೆ ಬಾಗೇವಾಡಿಗೆ ಕರೆದೊಯ್ದರು. ಸಂಜೆ ನೆಂಟರು ಕೂತರು, ಹುಡುಗಿ ಬರಲಿಲ್ಲ. ರೋಜಾ ಬಿಡುವ ಹೊತ್ತಿನ ಆಜಾನ್ ಆಯಿತು. "ಮದುಮಗಳಿಲ್ಲದ ಮದವಿ ನೋಡವಾ" ಎಂದು ಸಿಂದಗಿಯ ಅತ್ತೆ ಮೂಗು ಮುರಿದಳು. ಗೈಬುಸಾಬ ಹಾರ ಹಿಡಿದು ರಸ್ತೆಯಲ್ಲೇ ನಿಂತಿದ್ದ. ಕತ್ತಲಾದ ಮೇಲೆ ಟೆಂಪೋ ಬಂತು. ಬಸ್ಸು ಕೆಟ್ಟಿತ್ತಂತೆ, ಮಾಸ್ತರರ ಜೇಬಿನ ಖರ್ಜೂರದಲ್ಲಿ ಇಬ್ಬರೂ ದಾರಿಯಲ್ಲೇ ರೋಜಾ ಬಿಟ್ಟಿದ್ದರು. ಅವನು ಅಲ್ಲಿಯೇ ಮಗಳ ಕೊರಳಿಗೆ ಹಾರ ಹಾಕಿದ.

ಜೂನ್‌ನಲ್ಲಿ ಸೀಟು ಬಂತು. ಗೈಬುಸಾಬ ಮೊದಲು ಓಡಿದ್ದು ಮಾಸ್ತರರ ಮನೆಗೆ. ಅವರು ಊಟಕ್ಕೆ ಕೂತಿದ್ದರಂತೆ. ಮಾಸ್ತರರು ನನಗೆ ಸುದ್ದಿ ಹೇಳಲು ಗಿರಣಿಗೆ ಬಂದಾಗ ಇನ್ನೂ ಎಂಜಲು ಕೈ ತೊಳೆದಿರಲಿಲ್ಲ.