ಮೇಲಿನ ಮನೆಯ ಬೇವಿನ ಅಣು

ಹೋದ ವಾರ ಡಾಬಕಾದಿಂದ ಒಬ್ಬ ಹೆಣ್ಣುಮಗಳು ಬಂದು ನನ್ನ ಕೈಗೆ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟಳು. "ದೊಡ್ಡಮ್ಮ ಇದು ನಿಮಗೇ ಕೊಡು ಅಂದಿದ್ಳರಿ" ಎಂದಳು. ಮುಚ್ಚಳ ತೆಗೆದೊಡನೆ ಒಣಗಿದ ಜೋಳದ ದಂಟಿನ ವಾಸನೆ ಬಂತು. ಒಳಗೆ ದಂಟಿನ ಬೆಂಡಿನ ಗುಂಡುಗಳನ್ನು ಸಿಬರಿನ ಕಡ್ಡಿಗಳಿಗೆ ಚುಚ್ಚಿ ಮಾಡಿದ ಒಂದು ವಿಚಿತ್ರ ವಸ್ತು. ಗೊತ್ತಿಲ್ಲದವರು ಯಾವುದೋ ಮಗುವಿನ ಮುರಿದ ಗಾಡಿ ಎಂದುಕೊಂಡಾರು. ಅದರ ಕೆಳಗೆ ಒಂದು ನೋಟುಬುಕ್ಕು.

ಅದು ಗಾಡಿಯಲ್ಲ, ಅಣು. ಬೇವಿನ ಬೀಜದ ಕಹಿಗೆ ಕಾರಣವಾದ ಅಣು. ಅದನ್ನು ಮಾಡಿದವರು ಆಕೆಯ ದೊಡ್ಡಮ್ಮ, ಬೀದರಿನ ಚಿದ್ರಿಯ ನಮ್ಮ ಮನೆಯ ಮಹಡಿಯ ಮೇಲೆ ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ಕೆಮಿಸ್ಟ್ರಿ ಮೇಡಂ.

ಭಾಲ್ಕಿಯ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅದಕ್ಕೆ ಮೊದಲು ಔರಾದದಲ್ಲಿದ್ದರು. ನಾನು ಜನವಾಡದ ಸಾಲಿಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ಸ್ಟ್ಯಾಂಡಿನಲ್ಲಿ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ಸಾಲಿಯ ಮಕ್ಕಳ ಹಾಗೆ ನನ್ನನ್ನು "ಅಕ್ಕೋರೆ" ಎಂದೇ ಕರೆಯುತ್ತಿದ್ದರು. ಒಂದು ತಪ್ಪಕ್ಷರ ಬರೆದರೂ ನಾನು ಬಿಡುವುದಿಲ್ಲ ಎಂದು ಚೇಷ್ಟೆ. ಚೇಷ್ಟೆಯಲ್ಲಿ ನಾನೇನು ಕಮ್ಮಿ ಇರಲಿಲ್ಲ. ನಲವತ್ತು ದಾಟಿದ ಮೇಲೆ ಅವರು ಪಿಎಚ್.ಡಿ.ಗೆ ಹೆಸರು ಹಚ್ಚಿ, ಮೇಲೆ ಒಂದು ಕಂಪ್ಯೂಟರ್ ತಂದಿಟ್ಟುಕೊಂಡಾಗ ನಾನು ಕೇಳಿದ್ದೆ, "ಏನ್ರಿ ಮೇಡಂ, ನಿಮ್ಮ ಕೆಮಿಸ್ಟ್ರಿಗಿ ವಾಸನೀನೂ ಇಲ್ಲ, ಹೊಗೀನೂ ಇಲ್ಲ. ಇದೆಂಥಾ ಕೆಮಿಸ್ಟ್ರಿ?"

"ನಮ್ಮ ಲ್ಯಾಬಿನಾಗ ಗ್ಯಾಸಿಲ್ಲ, ಆಸಿಡಿಲ್ಲ, ನಳದಾಗ ನೀರಿಲ್ಲ. ಇದಕ್ಕ ಬರೀ ಕರೆಂಟ್ ಸಾಕ್ರಿ" ಎಂದು ನಕ್ಕಿದ್ದರು.

ಅವತ್ತೇ ಅಂಗಳದಲ್ಲಿ ಕುಳಿತು ದಂಟು ಸಿಗಿದು ಈ ಅಣುವನ್ನು ಮಾಡಿದ್ದು. ಡಾಬಕಾದ ಹೊಲದಲ್ಲಿ ಬೆಳೆದವರಿಗೆ ಬೆಂಡಿನ ಆಟಿಕೆ ಹೊಸದೇ? ಬೆರಳುಗಳು ತಾವಾಗಿಯೇ ಓಡಾಡುತ್ತಿದ್ದವು. ಕುಂಟು ಹೊರಸಿನ ಮೇಲೆ ಮಲಗಿದವರು ಆರಾಮ ಸಿಗುವ ತನಕ ಮಗ್ಗುಲು ಬದಲಿಸುತ್ತಾರಲ್ಲ, ಅಣುವೂ ಹಾಗೆಯೇ ಎಂದು ವಿವರಿಸಿದರು. ಯಾವ ಮಗ್ಗುಲಲ್ಲಿ ಅದಕ್ಕೆ ಆರಾಮ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಹಾಕಿ ನೋಡುತ್ತದೆ. ಒಂದು ಅಂಕಿ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. "ಇಳಿಯೋದು ಎಲ್ಲಿ ನಿಂತಿತೋ, ಅಲ್ಲಿ ಅದಕ್ಕ ನಿದ್ದಿ ಹತ್ತಿತು ಅಂತ ತಿಳೀರಿ." ವಿಜ್ಞಾನವೆಂದರೆ ಕಿವಿ ಮುಚ್ಚಿಕೊಳ್ಳುವ ನನಗೂ ಅದು ಅರ್ಥವಾಯಿತು. ಅವರು ಒಳ್ಳೆಯ ಮೇಷ್ಟ್ರು.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಆ ಅಂಕಿಯನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು ಅವರ ರೂಢಿ. ಅಂಕಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಸಂತೆಯಲ್ಲಿ ಬದನೆಕಾಯಿ ತೂಗುವಾಗಲೂ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದರು. ಅವರ ಜೊತೆ ಸಂತೆಗೆ ಹೋಗುವುದೆಂದರೆ ನನಗೆ ಸಾಕುಬೇಕಾಗುತ್ತಿತ್ತು.

ಒಂದು ವರ್ಷ ಹೈದರಾಬಾದಿನ ಒಂದು ದೊಡ್ಡ ಪ್ರಯೋಗಾಲಯದಿಂದ ಪತ್ರ ಬಂತು. ಬೇವಿನ ಅಣುವಿನ ಲೆಕ್ಕವನ್ನು ಏಪ್ರಿಲ್ ಮುಗಿಯುವುದರೊಳಗೆ ಕಳಿಸಿದರೆ, ಎರಡು ವರ್ಷ ಅಲ್ಲಿಗೇ ಬಂದು ಕೆಲಸ ಮಾಡಬಹುದು ಎಂದಿತ್ತು. ಆ ಪತ್ರವನ್ನು ನನಗೆ ಮೂರು ಸಲ ಓದಿ ಹೇಳಿದರು. ಕಾಲೇಜಿನಲ್ಲಿ ರಜೆಗೆ ಅರ್ಜಿ ಬರೆದಿಟ್ಟರು. ಸೂಟ್‌ಕೇಸಿಗೆ ನೀಲಿ ಬಟ್ಟೆಯ ಹೊಸ ಕವರ್ ಹೊಲಿಸಿ ತಂದರು. ಅವರು ಏನನ್ನಾದರೂ ಅಷ್ಟು ಆಸೆಪಟ್ಟದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಏಪ್ರಿಲ್ ನಡುವಿಗೆ ಈಸ್ಟರ್ ಬಂತು. ಪ್ರತಿ ವರ್ಷದಂತೆ ಊರಿನ ಚರ್ಚಿಗೆ ಹೊರಟರು. ಲೆಕ್ಕ ಶುರುವಾಗಿ, ಕಂಪ್ಯೂಟರ್ ಹಗಲಿರುಳು ನಿಲ್ಲದೆ ಓಡಿ, ಇಪ್ಪತ್ತು ದಿನ ಕಳೆದಿತ್ತು. ಬೀಗದ ಕೈ ಕೊಡುವಾಗ ಹೇಳಿದರು: "ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ ಅಕ್ಕೋರೆ. ಕಂಪ್ಯೂಟರ್ ಮುಂದ ಫ್ಯಾನ್ ತಿರುಗ್ಲತದೋ ಇಲ್ಲೋ, ಅಷ್ಟು ನೋಡ್ರಿ. ಸೋಮವಾರ ಬರ್ತೇನಿ."

ಶನಿವಾರ ಮಧ್ಯಾಹ್ನ ಆಕಾಶ ಕಪ್ಪಾಯಿತು. ನಮ್ಮ ಕಡೆ ಬೇಸಿಗೆಯ ಗುಡುಗು ಅಂದರೆ ಆಟವಲ್ಲ. ಗುಡುಗಿತೆಂದರೆ ಮೊದಲು ಟಿವಿಯ ಪ್ಲಗ್ ಕೀಳುವುದು, ಆಮೇಲೆ ಒಣಹಾಕಿದ ಬಟ್ಟೆ ತರುವುದು. ಇದು ಪ್ರತಿ ಮನೆಯ ಶಿಸ್ತು. ನಾನು ಟಿವಿಯ ಪ್ಲಗ್ ಕಿತ್ತೆ. ಆಮೇಲೆ ಮೇಡಂ ಅವರ ಯಂತ್ರ ನೆನಪಾಯಿತು. ಎದುರಿನ ಬೇವಿನ ಮರಕ್ಕೇ ಸಿಡಿಲು ಬಡಿದಂತೆ ಶಬ್ದವಾಯಿತು. ಅವರ ಆಸೆಯೆಲ್ಲ ಆ ಡಬ್ಬಿಯೊಳಗಿದೆ, ಸುಟ್ಟುಹೋದರೆ ಏನು ಗತಿ ಎಂದು ಓಡಿಹೋಗಿ ಅದರ ಪ್ಲಗ್ಗನ್ನೂ ಕಿತ್ತೆ. ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದರ ಗುಂಡಿಯನ್ನೂ ಒತ್ತಿ ಬಾಯಿ ಮುಚ್ಚಿಸಿದೆ. ದೊಡ್ಡ ಕೆಲಸ ಮಾಡಿದವಳಂತೆ ಕೆಳಗಿಳಿದು ಬಂದು ಚಹಾ ಕುಡಿದೆ.

ಸೋಮವಾರ ಅವರು ಬಂದಾಗ ನಾನೇ ಮೊದಲು ಹೇಳಿದೆ, ಹೆಮ್ಮೆಯಿಂದ. ಅವರು ಕೈಚೀಲವನ್ನೂ ಇಳಿಸದೆ ಮೇಲೆ ಹೋದರು. ಬಹಳ ಹೊತ್ತಿನ ಮೇಲೆ ಕೆಳಗೆ ಬಂದು ಕಟ್ಟೆಯ ಮೇಲೆ ಕುಳಿತರು. ನಡುನಡುವೆ ಉಳಿಸಿಟ್ಟ ಲೆಕ್ಕವೂ ಕೆಟ್ಟುಹೋಗಿದೆ, ಮೊದಲಿನಿಂದ ಹಾಕಬೇಕು ಎಂದರು. ನಾನು ಅಳುವುದಕ್ಕೇ ಶುರುಮಾಡಿದೆ.

"ಅಳಬ್ಯಾಡ್ರಿ ಅಕ್ಕೋರೆ" ಎಂದರು. "ನಾನೇ ಶುರುವಿನಾಗ ಒಂದು ತಪ್ಪು ಹಾಕಿದ್ದೆ. ಅಂಕಿ ಇಳೀಲತಿರಲಿಲ್ಲ, ಬರೇ ಕುಣೀಲತಿತ್ತು. ಬಂದು ಬಂದ್ ಮಾಡೋದೇ ಇತ್ತು. ನೀವು ನನ್ನ ಕೆಲಸ ಹಗುರ ಮಾಡಿದ್ರಿ."

"ಮತ್ತ ಹೈದರಾಬಾದ್?"

"ಅಲ್ಲಿ ಭಾಳ ಬಿಸಿಲಂತ್ರಿ. ನನಗ ಬೀದರ್ ಹವಾನೇ ಚಲೋ."

ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು. ಏಪ್ರಿಲ್ ಮುಗಿಯಿತು, ಹೈದರಾಬಾದಿನ ಸುದ್ದಿಯೂ ಮುಗಿಯಿತು. ನೀಲಿ ಕವರನ್ನು ಕತ್ತರಿಸಿ ಕಂಪ್ಯೂಟರಿಗೆ ಹೊದಿಸಿದರು. ಲೆಕ್ಕವನ್ನು ಮತ್ತೆ ಹಾಕಿದರು. ಮುಂದಿನ ವರ್ಷ ಪಿಎಚ್.ಡಿ. ಬಂತು. ಭಾಲ್ಕಿಯಲ್ಲೇ ಕಲಿಸಿದರು, ಹುಡುಗಿಯರನ್ನು ಮನೆಗೆ ಕರೆದು ಅದೇ ಯಂತ್ರದ ಮುಂದೆ ಕೂರಿಸಿದರು. ಅವರಲ್ಲಿ ಇಬ್ಬರು ಈಗ ಹೈದರಾಬಾದಿನಲ್ಲಿದ್ದಾರೆ.

ಆಮೇಲೆ ಈ ಕಥೆಯನ್ನು ನಾನು ಊರತುಂಬ ಹೇಳಿಕೊಂಡು ತಿರುಗಿದೆ. ಅವರ ನಿವೃತ್ತಿಯ ದಿನ ಕಾಲೇಜಿನವರು ನನ್ನನ್ನೂ ಕರೆದು ಮೈಕು ಕೊಟ್ಟರು. ನಾನು ಸುಮ್ಮನಿರುವವಳೇ? ಕನ್ನಡದ ಅಕ್ಕೋರು ಹೇಗೆ ಒಂದು ಪ್ಲಗ್ ಕಿತ್ತು ಇವರ ತಪ್ಪು ಲೆಕ್ಕವನ್ನು ಹಿಡಿದರು ಎಂದು ಅಭಿನಯ ಮಾಡಿ ತೋರಿಸಿದೆ. ಸಭೆಯೆಲ್ಲ ನಕ್ಕಿತು. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕುಳಿತಿದ್ದ ಮೇಡಂ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು...

ನಿವೃತ್ತಿಯ ನಂತರ ಅವರು ಡಾಬಕಾಕ್ಕೆ ಹೋದರು. ಈ ವರ್ಷ ಅಲ್ಲೇ ತೀರಿಕೊಂಡರು. ಮೊಣಕಾಲಿನ ನೋವು ಎಂದು ನಾನು ಮಣ್ಣಿಗೂ ಹೋಗಲಿಲ್ಲ.

ನೋಟುಬುಕ್ಕನ್ನು ನಿನ್ನೆ ಬಿಚ್ಚಿದೆ. ದಿನಕ್ಕೊಂದು ಸಾಲು, ದಿನಕ್ಕೊಂದು ಅಂಕಿ, ಗುಂಡಾದ ಅಕ್ಷರ. ಕುಣಿತ ಎಲ್ಲೂ ಇಲ್ಲ. ಇಪ್ಪತ್ತು ದಿನವೂ ಅಂಕಿ ಮೆಟ್ಟಿಲು ಇಳಿದಂತೆ ಇಳಿದಿದೆ, ಕೊನೆಕೊನೆಗೆ ಕೂದಲೆಳೆಯಷ್ಟೇ. ಊರಿಗೆ ಹೊರಟ ದಿನದ ಸಾಲು ಹೀಗಿದೆ: "ಇಳಿಯುವುದು ನಿಲ್ಲುತ್ತ ಬಂದಿದೆ. ಸೋಮವಾರಕ್ಕೆ ಮುಗಿಯುತ್ತದೆ. ದೇವರಿಗೆ ಸ್ತೋತ್ರ." ಅದರ ಕೆಳಗೆ ಸೋಮವಾರದ್ದು: "ಸಿಡಿಲಿನಿಂದ ಬಂದ್ ಆಯಿತು. ಮೊದಲಿನಿಂದ."

ಬದನೆಕಾಯಿಯ ತೂಕದಲ್ಲೂ ರಾಜಿಯಾಗದಿದ್ದ ಮೇಡಂ ತಮ್ಮ ಲೆಕ್ಕದ ಪುಸ್ತಕದಲ್ಲೇ ಸುಳ್ಳು ಬರೆದಿದ್ದರು, ನನ್ನ ಹೆಸರು ಬರಬಾರದೆಂದು. ಅದೇ ಪುಸ್ತಕವನ್ನು ನನಗೇ ಯಾಕೆ ಕಳಿಸಿದರು? ಗೊತ್ತಿಲ್ಲ. ಓದುವುದಿಲ್ಲ ಎಂದುಕೊಂಡಿದ್ದರೋ, ಈಗಲಾದರೂ ಓದಲಿ ಎಂದೋ... ಕೇಳೋಣವೆಂದರೆ ಮೇಲಿನ ಮನೆ ಖಾಲಿ ಇದೆ.

ಮಕ್ಕಳ ತಪ್ಪು ತಿದ್ದುತ್ತಿದ್ದ ನನ್ನ ಕೆಂಪು ಪೆನ್ನು ಇನ್ನೂ ಬರೆಯುತ್ತದೆ. "ಸಿಡಿಲಿನಿಂದ" ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದೆ: "ಕೆಳಗಿನ ಮನೆಯ ಅಕ್ಕೋರಿಂದ."